ಅಕ್ಕನ ಕಂಪ್ಯೂಟರ್ ಸಂಪರ್ಕದಲ್ಲಿದೆ

ಸುಳ್ಳು ಹೇಳಿ ನಿಮ್ಮನ್ನು ಹೆದರಿಸಿ ನಮಗೆ ಆಗಬೇಕಾದ್ದೇನೂ ಇಲ್ಲ. ಇದು ನಡೆದದ್ದು ನಮ್ಮ ಚಿಕ್ಕಪ್ಪನ ಮೊಮ್ಮಗನಿಗೆ. ಕಂಪ್ಯೂಟರ್ ರಿಪೇರಿ ಮಾಡುವವನು. ಬೀದಿಯವರು ಅವನಿಗೆ ಇಟ್ಟ ಹೆಸರು ಎಲ್ಲಾಬಲ್ಲ. ಎದುರಿಗೇ ಕರೆದರೂ ಅವನಿಗೆ ಬೇಸರವಿಲ್ಲ. ಹೊಗಳಿಕೆ ಅಂದುಕೊಂಡಿದ್ದಾನೆ, ಪಾಪ.

ಅವತ್ತು ಅಂಗಡಿ ಮುಚ್ಚಿ ಹೊರಟಾಗ ರಾತ್ರಿ ಹತ್ತು ಗಂಟೆ. ಬೀದಿಯ ತಿರುವಿನಲ್ಲಿ ಒಂದು ಹಳೇ ಬಾವಿ, ಮೇಲೆ ಕಬ್ಬಿಣದ ಜಾಲರಿ. ಗಾಳಿ ಬೀಸಿದರೆ ಜಾಲರಿಯ ಸಡಿಲ ಮೂಲೆ ಕಿರ್ರ್... ಕಿರ್ರ್... ಅನ್ನುತ್ತದೆ. ಬಾವಿ ದಾಟುತ್ತಿದ್ದ. ಪಕ್ಕದ ಮನೆಯ ಗೇಟಿನ ಕತ್ತಲಲ್ಲಿ ಯಾರೋ ನಿಂತಿದ್ದರು.

"ಅಣ್ಣಾ..."

ಟೈಪಿಸ್ಟ್ ಹೆಂಗಸು. ಆಸ್ಪತ್ರೆಯ ಡಾಕ್ಟರುಗಳು ಮಾತಾಡಿ ರೆಕಾರ್ಡ್ ಮಾಡಿದ್ದನ್ನು ಮನೆಯಲ್ಲೇ ಕೇಳಿ, ವರದಿ ಟೈಪ್ ಮಾಡಿ ಕಳಿಸುವವಳು. ಮೊದಲು ಅದು ಅವಳ ಅಕ್ಕನ ಕೆಲಸ. ಹೋದ ವರ್ಷ ಅಕ್ಕ ತೀರಿಕೊಂಡಳು. ಕೆಲಸವೂ, ಕಂಪ್ಯೂಟರೂ, ಹಾಸಿಗೆ ಹಿಡಿದ ತಾಯಿಯೂ ತಂಗಿಯ ಪಾಲಿಗೆ ಬಂದವು.

"ವೈಫೈ ಸಿಗ್ತಿಲ್ಲ ಅಣ್ಣಾ. ಬೆಳಗ್ಗೆ ಆರರೊಳಗೆ ಹದಿನಾಲ್ಕು ವರದಿ ಹೋಗಬೇಕು. ಒಂಬತ್ತು ಟೈಪ್ ಆಗಿದೆ, ಇನ್ನೂ ಐದು ಬಾಕಿ ಇದೆ. ತಪ್ಪಿದ್ರೆ ಕೆಲಸ ಬೇರೆಯವರಿಗೆ ಕೊಡ್ತಾರಂತೆ..."

"ಅದಕ್ಯಾಕೆ ಪಿಸುಗುಟ್ತೀರಿ? ಕಳ್ಳತನಕ್ಕೆ ಕರೀತಿದ್ದೀರಾ?"

"ಮೆಲ್ಲಗೆ... ಅಮ್ಮಂಗೆ ಈಗಷ್ಟೇ ನಿದ್ದೆ ಹತ್ತಿದೆ."

ಒಳಗೆ ಬಂದು ಕಂಪ್ಯೂಟರ್ ನೋಡಿದವನೇ ನಕ್ಕ.

"ಇದನ್ನ ಕಂಪ್ಯೂಟರ್ ಅಂತೀರಾ? ಇದು ನಮ್ಮಜ್ಜಿ ಜೊತೆ ಸ್ಕೂಲಿಗೆ ಹೋಗಿರಬೇಕು. ಫೋನಲ್ಲೇ ಕಳಿಸಬಾರದಾ?"

"ನಂದು ಗುಂಡಿ ಒತ್ತೋ ಫೋನು."

"ಅದೂ ಸರಿಯೇ. ಜೋಡಿ ಚೆನ್ನಾಗಿದೆ."

ಪರದೆಯ ಮೇಲೆ ಮನೆಯ ವೈಫೈ ಹೆಸರು ಕಾಣುತ್ತಿತ್ತು. ಸಿಗ್ನಲ್ ಪೂರ್ತಿ. ಪಾಸ್‌ವರ್ಡ್ ಹೊಡೆದ. ಚಕ್ರ ತಿರುಗಿತು, ತಿರುಗಿತು... ಸಂಪರ್ಕ ಸಾಧ್ಯವಾಗಲಿಲ್ಲ. ರೂಟರ್ ಆರಿಸಿ ಹಚ್ಚಿದ. ಹೆಸರನ್ನೇ ಅಳಿಸಿ ಮತ್ತೆ ಸೇರಿಸಿದ. ಅದೇ ಉತ್ತರ.

"ನಿನ್ನೆ ಕಂಪನಿಯವರು ಹೊಸ ರೂಟರ್ ಹಾಕಿ ಹೋದ್ರಣ್ಣಾ. ಅದಾದ ಮೇಲೇ..."

"ರೂಟರ್ ವಿಷಯ ನನಗೆ ಹೇಳಿಕೊಡ್ತೀರಾ?"

ಅವಳ ಮಾತಿನಲ್ಲೇ ಉತ್ತರವಿತ್ತು. ಹೊಸ ರೂಟರಿನ ಹೊಸ ಬಗೆಯ ಬೀಗ ಆ ಹಳೇ ಕಂಪ್ಯೂಟರಿಗೆ ತಿಳಿಯದು. ರೂಟರಿನ ಸೆಟ್ಟಿಂಗಿನಲ್ಲಿ ಹಳೇ ಬಗೆಯದನ್ನು ಆರಿಸಿದ್ದರೆ ಎರಡು ನಿಮಿಷದ ಕೆಲಸ. ಆದರೆ ಹೆಂಗಸೊಬ್ಬಳು ಹೇಳಿದ್ದಕ್ಕೆ ಎಲ್ಲಾಬಲ್ಲ ಕಿವಿಗೊಡುವುದುಂಟೇ? ಕಂಪ್ಯೂಟರಿನ ಪ್ಲಗ್ ಕಿತ್ತು ನೆಲಕ್ಕೆ ಬಿಟ್ಟ. ಮುಚ್ಚಳ ಬಿಚ್ಚಿದ. ವೈಫೈ ಹಿಡಿಯುವ ಕಾರ್ಡನ್ನು ಕಟಕ್ ಅಂತ ಎಳೆದು, ದೀಪಕ್ಕೆ ಹಿಡಿದು ನೋಡಿ, ತನ್ನ ಅಂಗಿ ಜೇಬಿಗೆ ಇಳಿಬಿಟ್ಟ.

"ಸತ್ತಿದೆ. ಗುಜರಿಗೆ ಹಾಕಿ."

"ವಾಪಸ್ ಕೂರಿಸಿ ಅಣ್ಣಾ. ಅಕ್ಕನದು ಅದು."

"ಹಾಗಾದ್ರೆ ನಿಮ್ಮಕ್ಕನಿಗೇ ಬಂದು ಸರಿಮಾಡೋಕೆ ಹೇಳಿ."

ಅವಳ ಮುಖ ಚಿಕ್ಕದಾಯಿತು. ಹೊರಗೆ ಗಾಳಿ ನಿಂತಿತ್ತು...

ತನ್ನದೇನೂ ತಪ್ಪಿಲ್ಲವೆಂದು ತೋರಿಸಲು ಅವನು ಫೋನಿನಲ್ಲಿ ರೂಟರಿನ ಪುಟ ತೆರೆದ.

"ನೋಡಿ, ರೂಟರ್ ಚೆನ್ನಾಗೇ ಇದೆ. ಈಗ ಇದಕ್ಕೆ ಸೇರಿಕೊಂಡಿರೋದು ನನ್ನ ಫೋನ್ ಒಂದೇ..."

ಪಟ್ಟಿಯಲ್ಲಿ ಎರಡಿದ್ದವು.

ಒಂದು ಅವನ ಫೋನು. ಅದರ ಕೆಳಗೆ: ಅಕ್ಕನ ಕಂಪ್ಯೂಟರ್. ಸಂಪರ್ಕದಲ್ಲಿದೆ.

ಮೇಜು ನೋಡಿದ. ಮುಚ್ಚಳ ಬಿಚ್ಚಿ ಬಿದ್ದಿದೆ. ಪ್ಲಗ್ ನೆಲದ ಮೇಲಿದೆ. ಜೇಬು ಮುಟ್ಟಿಕೊಂಡ. ಕಾರ್ಡ್ ಅಲ್ಲೇ ಇದೆ. ಪುಟವನ್ನು ಮತ್ತೆ ತೆರೆದ. ಹೆಸರು ಹೋಗಲಿಲ್ಲ.

ಆಗ ಕೇಳಿಸಿತು.

ಟಕ್... ಟಕ್ ಟಕ್... ಟಕಟಕಟಕ.

ಕೀಬೋರ್ಡಿನ ಸದ್ದು. ಕೀಲಿಗಳು ಅಲುಗುತ್ತಿರಲಿಲ್ಲ. ಸದ್ದು ಮಾತ್ರ.

"ಏನಮ್ಮಾ ಅದು?" ಈಗ ಪಿಸುಗುಟ್ಟಿದವನು ಅವನು.

ಅವಳು ಗೋಡೆಗೆ ಒರಗಿ, ಗೊತ್ತಿಲ್ಲ ಅನ್ನುವಂತೆ ತಲೆಯಾಡಿಸಿದಳು. ಒಳಕೋಣೆಯಿಂದ ತಾಯಿಯ ನಿದ್ದೆಮಂಪರಿನ ದನಿ ಬಂತು.

"ದೊಡ್ಡವಳೇ... ಇನ್ನೂ ಮಲಗಲಿಲ್ವೇನೇ?"

ಸದ್ದು ನಿಂತಿತು. ಎಲ್ಲಾಬಲ್ಲನ ಕಿವಿಯ ಹಿಂದೆಯೇ ಯಾರೋ "ಚ್ಚ್" ಅಂದರು... ತಪ್ಪು ಮಾಡಿದ ದಡ್ಡನನ್ನು ಕಂಡರೆ ಅನ್ನುತ್ತಾರಲ್ಲ, ಹಾಗೆ. ಜೀವನವಿಡೀ ಗಿರಾಕಿಗಳ ಮುಂದೆ ಆ ಸದ್ದು ಮಾಡಿದವನು ಅವನು. ಅವನಿಗೆ ಅದು ಗೊತ್ತಾಗದೇ ಇರುತ್ತದೆಯೇ?

ಮತ್ತೆ ಟಕಟಕಟಕ.

ಚಪ್ಪಲಿಯನ್ನೂ ಮೆಟ್ಟದೆ ಓಡಿದ. ಇಷ್ಟೆಲ್ಲ ಬಲ್ಲವನಿಗೆ ಗೇಟಿನ ಅಗುಳಿ ತೆಗೆಯುವುದು ಮಾತ್ರ ತಿಳಿಯಲಿಲ್ಲ, ಹತ್ತಿ ಹಾರಿದ. ಮೂರು ದಿನ ಜ್ವರ.

ಟೈಪಿಸ್ಟ್ ಒಳಕೋಣೆಗೆ ಹೋಗಿ ತಾಯಿಯ ಕಾಲ ಬಳಿ ಕೂತಳು. ಆಚೆಯ ಸದ್ದು ಯಾವಾಗ ನಿಂತಿತೋ... ಬೆಳಕು ಹರಿಯಿತು. ಆರು ಹೊಡೆಯಿತು. ಕೆಲಸ ಹೋಯಿತು ಅಂತ ಅತ್ತಳು. ಏಳಕ್ಕೆ ಆಸ್ಪತ್ರೆಯ ಆಫೀಸಿನಿಂದ ಫೋನ್.

"ತಪ್ಪಾಯ್ತು ಮೇಡಂ, ನಿನ್ನೆ ರಾತ್ರಿ..."

"ತಪ್ಪೇನು? ಹದಿನಾಲ್ಕೂ ಬಂದಿದೆಯಲ್ಲ. ಕೆಲಸ ನಿಮ್ಮಲ್ಲೇ ಇರಲಿ. ಆದ್ರೆ ಒಂದು ಮಾತು. ಕೊನೇ ಐದು ವರದಿಯಲ್ಲಿ ಪ್ರತಿ ವಾಕ್ಯ ಮುಗಿದ ಮೇಲೂ ಎರಡೆರಡು ಸಲ ಜಾಗ ಬಿಟ್ಟಿದ್ದೀರಿ. ಯಾವ ಕಾಲದ ಅಭ್ಯಾಸ ರೀ ಇದು? ಒಂದು ಸಾಕು."

ಹಾಗೆ ಎರಡು ಸಲ ಜಾಗ ಬಿಡುವುದು ಹಿಂದೆ ಟೈಪ್‌ರೈಟರಿನ ಮೇಲೆ ಕಲಿತವರು. ಅಕ್ಕ ಕಲಿತದ್ದು ಅದರ ಮೇಲೇ. ತಂಗಿ ಟೈಪ್‌ರೈಟರ್ ಮುಟ್ಟಿದವಳೇ ಅಲ್ಲ. ಆ ಐದು ವರದಿಗಳು ಇವತ್ತಿಗೂ ಆಸ್ಪತ್ರೆಯಲ್ಲಿವೆ. ನಂಬಿಕೆ ಇಲ್ಲದವರು ಹೋಗಿ ನೋಡಿಕೊಳ್ಳಲಿ... ಒಂದು ವಾಕ್ಯದಲ್ಲೂ ತಪ್ಪಿಲ್ಲ, ಎಲ್ಲ ಕಡೆ ಎರಡೆರಡು.