ಇಪ್ಪತ್ತೆರಡು ಡಿಗ್ರಿ ಯಾರ ಕೋಣೆಯಲ್ಲಿ?

ನೀಲಗಿರಿಯ ಒಂದು ಊರಿನಲ್ಲಿ ಒಬ್ಬ ಶ್ರೀಮಂತರಿದ್ದರು. ಹೆಸರು ಹೇಳುವುದಿಲ್ಲ. ಹೇಳಿದರೆ ನೀವು ಕಥೆ ಬಿಟ್ಟು ಅವರನ್ನು ಹುಡುಕಲು ಹೊರಡುತ್ತೀರಿ. ಕೆಟ್ಟವರಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ದಾನಧರ್ಮ ಮಾಡುವವರು, ಸೊಸೆಯನ್ನು ಹೆಸರು ಹಿಡಿದು ಪ್ರೀತಿಯಿಂದ ಕರೆಯುವವರು.

ನಮಗೆಲ್ಲ ಮನೆಯನ್ನು ತಂಪು ಮಾಡುವ ಯಂತ್ರ ಗೊತ್ತು. ಅಲ್ಲಿ ಬೇಕಾದದ್ದು ಬಿಸಿ ಮಾಡುವ ಯಂತ್ರ. ಕೆಳಗೊಂದು ಬಾಯ್ಲರ್, ಅದರಿಂದ ಪ್ರತಿ ಕೋಣೆಗೂ ಬಿಸಿನೀರಿನ ಕೊಳವೆ. ಚಳಿ ಹೆಚ್ಚಾದರೆ ಯಾರಾದರೂ ಇಳಿದುಹೋಗಿ ಹಚ್ಚಬೇಕು, ಸೆಕೆಯಾದರೆ ಮತ್ತೆ ಇಳಿದುಹೋಗಿ ಆರಿಸಬೇಕು. ಇದು ಬೇಸರವಾಗಿ ಅವರು ತಂತಿಯಿಲ್ಲದ ಥರ್ಮೋಸ್ಟಾಟ್ ತರಿಸಿದರು. ಅಂಗೈಯಗಲದ ಒಂದು ಡಬ್ಬಿ. ತಾನಿರುವ ಜಾಗ ಎಷ್ಟು ಬಿಸಿಯಿದೆ ಎಂದು ಅಳೆಯುತ್ತದೆ, ಸಾಲದಿದ್ದರೆ ಬಾಯ್ಲರಿಗೆ ಉರಿ ಅನ್ನುತ್ತದೆ, ಸಾಕಾದರೆ ಆರು ಅನ್ನುತ್ತದೆ.

ಅದನ್ನು ಜೋಡಿಸಲು ಬಂದ ಮಿಸ್ತ್ರಿ ಕೆಲಸ ಬಲ್ಲವನು. ಬಿಸಿಲು ಬೀಳುವಲ್ಲಿ ಇಡಬೇಡಿ, ಮನೆಯಲ್ಲಿ ಹೆಚ್ಚು ತಣ್ಣಗಿರುವ ಕೋಣೆ ಯಾವುದೋ ಅಲ್ಲಿಡಿ ಎಂದ. ಶ್ರೀಮಂತರು ನಕ್ಕರು. ಹಾಕಿಸಿದವನು ನಾನು, ನನ್ನ ಕಣ್ಣೆದುರಿಗೇ ಇರಲಿ ಎಂದರು. ಅವರ ಕೋಣೆ ದಕ್ಷಿಣಕ್ಕೆ. ದೊಡ್ಡ ಗಾಜಿನ ಕಿಟಕಿ, ಬೆಳಗಿನಿಂದ ಸಂಜೆಯವರೆಗೆ ಬಿಸಿಲು. ಡಬ್ಬಿಯನ್ನು ಅಲ್ಲೇ ಗೋಡೆಗೆ ಹಾಕಿಸಿಕೊಂಡು ಇಪ್ಪತ್ತೆರಡು ಡಿಗ್ರಿಗೆ ನಿಲ್ಲಿಸಿದರು.

ಆ ಮನೆಯ ಉತ್ತರದ ಕೋಣೆಯಲ್ಲಿ ಸೊಸೆ ನೀಲಾಂಬಿಕೆ ಬಾಣಂತಿಯಾಗಿದ್ದಳು. ರಾಯಚೂರು ಕಡೆಯ ಹೆಣ್ಣು. ತಾಯಿ ಇಲ್ಲ, ಅದಕ್ಕೇ ಚೊಚ್ಚಲ ಹೆರಿಗೆಗೂ ತವರಿಗೆ ಹೋಗಿರಲಿಲ್ಲ. ಮಗುವಿಗೆ ಒಂಬತ್ತು ದಿನ. ಈಗ ಯೋಚಿಸಿ: ಮಾವನ ಕೋಣೆಗೆ ಬಿಸಿಲು ಬಂದ ಕೂಡಲೇ ಡಬ್ಬಿ ಸಾಕು ಅನ್ನುತ್ತದೆ, ಬಾಯ್ಲರ್ ಆರುತ್ತದೆ. ಬಿಸಿಲೇ ಕಾಣದ ಉತ್ತರದ ಕೋಣೆಯ ಗತಿ?

ಅವಳು ಹೇಳಲಿಲ್ಲವೇ? ಹೇಳಿದಳು. ಅತ್ತೆಯ ಹತ್ತಿರ ಹೇಳಿದಳು.

"ಅತ್ತಿ, ಈ ಖೋಲಿ ಭಾಳ ತಣ್ಣಗೈತ್ರಿ. ಒಂದು ಅಗ್ಗಿಷ್ಟಿಗಿ ಇಟ್ಟು ಕೊಡ್ರಿ."

ಅತ್ತೆ ಹೋಗಿ ಗಂಡನನ್ನು ಕೇಳಿದರು. ಅವರು ಕುರ್ಚಿಯಿಂದ ಏಳದೆ ಡಬ್ಬಿಯತ್ತ ನೋಡಿದರು. ಇಪ್ಪತ್ತೆರಡು ಇದೆಯಲ್ಲ, ಬಿಸಿಲುನಾಡಿನ ಹುಡುಗಿಗೆ ಹಾಗನಿಸುತ್ತದೆ, ಇಷ್ಟು ಒಳ್ಳೆ ಯಂತ್ರ ಇರುವಾಗ ಹೊಗೆ ಯಾಕೆ ಎಂದರು. ಆಮೇಲೆ ಅವಳು ಕೇಳಲಿಲ್ಲ. ನೋಡಿ, ಒಮ್ಮೆ ಕೇಳಿ ಇಲ್ಲ ಅನ್ನಿಸಿಕೊಂಡ ಸೊಸೆ ಎರಡನೇ ಸಲ ಕೇಳುವುದಿಲ್ಲ.

ಅವಳು ಕೇಳಿದ ಮೂರನೇ ದಿನ ಬೆಳಗ್ಗೆ ಹನ್ನೊಂದರ ಹೊತ್ತಿಗೆ ಮಗು ಹಾಲು ಕುಡಿಯುವುದನ್ನು ನಿಲ್ಲಿಸಿತು. ಅಳಲೂ ಇಲ್ಲ. ಮುಟ್ಟಿದರೆ ಪಾದ ತಣ್ಣಗೆ, ಹೊಟ್ಟೆಯೂ ತಣ್ಣಗೆ. ಎಲ್ಲರೂ ಆಸ್ಪತ್ರೆಗೆ ಓಡಿದರು. ಡಾಕ್ಟರಮ್ಮ ಮಗುವಿನ ಬಟ್ಟೆ ಬಿಚ್ಚಿ ತಾಯಿಯ ಎದೆಗೆ ಒತ್ತಿ ಮಲಗಿಸಿ, ಮೇಲೆ ಕಂಬಳಿ ಹೊದಿಸಿದರು. ಆಮೇಲೆ ಹೊರಗೆ ಬಂದು, ಮಗು ಮಲಗುವ ಕೋಣೆ ಎಷ್ಟು ಬೆಚ್ಚಗಿದೆ ಎಂದು ಕೇಳಿದರು. ಶ್ರೀಮಂತರು ಧೈರ್ಯವಾಗಿ, ಇಪ್ಪತ್ತೆರಡು ಎಂದರು.

"ಯಾರ ಕೋಣೆಯಲ್ಲಿ ನೋಡಿದ್ರಿ?"



ಮಗು ಅಪಾಯದಿಂದ ಪಾರಾಯಿತು ಎಂದು ಗೊತ್ತಾದ ಮೇಲೆ ಅವರು ಒಬ್ಬರೇ ಮನೆಗೆ ಬಂದು ಉತ್ತರದ ಕೋಣೆಗೆ ಹೋದರು. ಮಂಚದ ಮೇಲೆ ಕೂತರು. ಹತ್ತು ನಿಮಿಷಕ್ಕೆ ಬೆರಳು ಮರಗಟ್ಟಿತು. ಕಿಟಕಿಯ ಸಂದಿಯಲ್ಲಿ ಏನೋ ಕೆಂಪಗೆ ಕಂಡಿತು. ಎಳೆದು ನೋಡಿದರೆ ಸೊಸೆಯ ಧಾರೆಸೀರೆ. ಗಾಳಿ ತಡೆಯಲು ಅದನ್ನೇ ಸುರುಳಿ ಮಾಡಿ ತುರುಕಿದ್ದಳು. ಆ ಸೀರೆಯನ್ನು ತೊಡೆಯ ಮೇಲಿಟ್ಟುಕೊಂಡು ಬಹಳ ಹೊತ್ತು ಕೂತಿದ್ದರಂತೆ.

ಆಮೇಲೆ ಬಡಗಿಯನ್ನು ಕರೆಸಿ ಆ ಸಂದಿ ಮುಚ್ಚಿಸಿದರು. ತಮ್ಮ ಗೋಡೆಯಿಂದ ಡಬ್ಬಿಯನ್ನು ಬಿಚ್ಚಿ ತಂದು ಆ ಕೋಣೆಯಲ್ಲಿ ಹಾಕಿ, ಡಾಕ್ಟರಮ್ಮ ಹೇಳಿದಷ್ಟಕ್ಕೆ ಏರಿಸಿದರು. ಅವರ ಕೋಣೆ ಕುದಿಯಿತು. ಹೆಂಡತಿ ಗೊಣಗಿದರು. ಅವರು ಎದ್ದು ಕಿಟಕಿ ತೆರೆದರು, ಅಷ್ಟೇ.

ಸೊಸೆ ಮರಳಿ ಬಂದ ದಿನ ಅವಳ ಕೋಣೆಯ ಹೊಸ್ತಿಲಲ್ಲಿ ನಿಂತು ಹೇಳಿದರು: "ನೀಲಾ, ನೀನು ಬಾಯಿಬಿಟ್ಟು ಹೇಳಿದ್ದೆ. ನಾನು ಡಬ್ಬಿ ನೋಡಿ ನಿನ್ನ ಮಾತು ಸುಳ್ಳು ಮಾಡಿದೆ. ತಪ್ಪಾಯ್ತಮ್ಮ."

ಅವಳು ಕೂಸಿಗೆ ಕಂಬಳಿ ಸರಿಯಾಗಿ ಹೊದಿಸಿದಳು. ಆಮೇಲೆ, "ಬಾಗಿಲಾ ಹಾಕ್ಕೊಂಡು ಒಳಗ ಬರ್ರಿ ಮಾವಾರ, ಕೂಸಿಗೆ ಗಾಳಿ ಬಡಿತೈತಿ" ಎಂದಳು.

ಕಥೆ ಮುಗಿಯಿತು. ಈಗ ನಿಮ್ಮನ್ನು ಕೇಳುತ್ತೇನೆ. ನಿಮ್ಮ ಮನೆಯಲ್ಲಿ ಎಲ್ಲರೂ ಚೆನ್ನಾಗಿದ್ದಾರೆ ಎನ್ನುತ್ತೀರಲ್ಲ, ಎಲ್ಲಿ ಕೂತು ನೋಡಿ ಹೇಳುತ್ತೀರಿ? ಫ್ಯಾನಿನ ಕೆಳಗೆ ಕೂತು ಅಡುಗೆಮನೆಯ ಸೆಕೆ ಗೊತ್ತಾಗುತ್ತದೆಯೇ? ಹೊಟ್ಟೆ ತುಂಬಿದ ಮೇಲೆ ಪಾತ್ರೆಯಲ್ಲಿ ಉಳಿದದ್ದೆಷ್ಟು ಎಂದು ಗೊತ್ತಾಗುತ್ತದೆಯೇ? ಒಬ್ಬರು ನೋವು ಅಂದಾಗ, ನನಗೇನೂ ಅನಿಸುತ್ತಿಲ್ಲವಲ್ಲ ಎಂದು ಎಷ್ಟು ಸಲ ಬಾಯಿ ಮುಚ್ಚಿಸಿದ್ದೀರಿ?

ನಿಮಗಷ್ಟೇ ಹೇಳುತ್ತಿಲ್ಲ. ಈ ಮಠದಲ್ಲಿ ಹದಿನಾರು ವರ್ಷದಿಂದ ನಾನು ಮೊದಲ ಪಂಕ್ತಿಯಲ್ಲಿ ಕೂತು, ಪ್ರಸಾದ ಬಹಳ ಚೆನ್ನಾಗಿದೆ ಎನ್ನುತ್ತಿದ್ದೆ. ಹೋದ ಸೋಮವಾರ ಹೇಳದೆ ಕೇಳದೆ ಕೊನೆಯ ಪಂಕ್ತಿಯಲ್ಲಿ ಕೂತೆ. ಅನ್ನ ಆರಿತ್ತು. ಸಾರು ನೀರಾಗಿತ್ತು. ಪಕ್ಕದಲ್ಲಿದ್ದ ಅಜ್ಜಿ, ದಿನಾ ಇಷ್ಟೇ, ಬುದ್ಧಿ ಎಂದರು. ಹದಿನಾರು ವರ್ಷ.

ಇಂದು ಮನೆಗೆ ಹೋಗಿ ಒಂದು ಕೆಲಸ ಮಾಡಿ. ಮನೆಯಲ್ಲಿ ಎಲ್ಲರಿಗಿಂತ ಕಡಿಮೆ ಮಾತಾಡುವವರು ಯಾರೋ, ಅವರು ಕೂರುವ ಜಾಗದಲ್ಲಿ ಅರ್ಧ ಗಂಟೆ ಕೂತುಕೊಳ್ಳಿ. ಅವರು ಉಣ್ಣುವ ಹೊತ್ತಿಗೆ ಉಣ್ಣಿ. ಆಮೇಲೆ ಕೇಳಿ, ಹೇಗಿದ್ದೀಯಾ ಎಂದು. ಅವರು ಏನು ಹೇಳಿದರೂ ತಿದ್ದಬೇಡಿ. ಕೇಳಿಸಿಕೊಂಡು, ಎದ್ದು, ಮಾಡಬೇಕಾದ್ದನ್ನು ಮಾಡಿ.