ಕೈಗೂ ಸಹಿ ಬೇಕಂತೆ

ಹಲೋ... ಯಾರು?... ಯಾರಮ್ಮಾ ಮಾತಾಡೋದು? ಜೋರಾಗಿ ಹೇಳು, ಇಲ್ಲಿ ಹೊಲಿಗೆ ಮಿಷನ್ ಸದ್ದು...

ಓಹೋ, ಯೂನಿವರ್ಸಿಟಿ ಹುಡುಗಿ, ನಮ್ಮ ಸಿನಿಮಾ ನಿರ್ದೇಶಕಿಯವರು! ನಮ್ಮ ಕೋಟಿನ ಅಂಗಡಿ ಸಿನಿಮಾ ಮುಗೀತಾ ತಾಯಿ? ನಾಳೆ ಹತ್ತು ಗಂಟೆಗೆ ಆ ದೊಡ್ಡ ಹೋಟೆಲಿನೋರು ಬರ್ತಾರೆ. ಇನ್ನೂರು ಜನ ನೌಕರರಿಗೆ ಕೋಟು. ಸಿನಿಮಾ ತೋರಿಸ್ತೀನಿ ಅಂತ ಎದೆ ತಟ್ಕೊಂಡು ಹೇಳಿದ್ದೀನಿ...

ಹಾಂ? ಪಕ್ಕದಲ್ಲಿ ಇನ್ನೊಬ್ರು ಕೇಳಿಸ್ಕೊಳ್ತಿದ್ದಾರಾ? ಯಾರು, ನಿಮ್ಮ ಮೇಷ್ಟ್ರಾ? ಯಾರಾದ್ರೂ ಆಗ್ಲಿ ಬಿಡು, ಚೆನ್ನಾಗಿ ಕೇಳಿಸ್ಕೊಳ್ಳಲಿ, ನನಗೇನು ಭಯ? ಸಿನಿಮಾ ಯಾವಾಗ ಕೊಡ್ತೀಯ, ಅದು ಹೇಳು...

ಕೊಡಕ್ಕಾಗಲ್ವಾ? ಯಾಕಂತೆ?...

ನಿಯಮ! ಬಂತಪ್ಪಾ ಮತ್ತೆ. ಮೂರು ನಿಮಿಷದ ಸಿನಿಮಾಗೆ ಹನ್ನೊಂದು ಪುಟ ನಿಯಮ. ವಿದ್ಯಾರ್ಥಿಗಳು ಹೊರಗಿನೋರಿಗೆ ಕೆಲಸ ಮಾಡಿಕೊಟ್ರೆ ಮೇಷ್ಟ್ರು ಒಪ್ಪಬೇಕು, ಕ್ಯಾಮೆರಾ ಆರು ಗಂಟೆಯೊಳಗೆ ವಾಪಸ್ ಹೋಗಬೇಕು, ಬದಲಾವಣೆ ಎರಡೇ ಸಲ ಕೇಳಬೇಕು. ನಾನು ಗಿರಾಕಿ ಕೇಳಿದ್ರೆ ಕೋಟಿನ ತೋಳು ಹತ್ತು ಸಲ ಬಿಚ್ಚಿ ಹೊಲಿಸಿ ಕೊಡ್ತೀನಿ. ಅವನಿಗೆ ಪುಟ ತೋರಿಸ್ತೀನಾ?...

ಹೌದು, ನಾನೇ ಸಹಿ ಹಾಕಿದ್ದು. ಅಂಥದ್ದನ್ನ ಯಾರಾದ್ರೂ ಓದಿ ಹಾಕ್ತಾರಾ?...

ನೋಡಮ್ಮಾ, ನಾನು ಹೇಳಿದ್ದು ಎರಡೇ ಮಾತು. ನಮ್ಮಕ್ಕನ ಮುಖ ತೆಗಿ. ಅವಳ ಮಾತು ತೆಗೆದು ನನ್ನ ಮಾತು ಹಾಕು. ಅಷ್ಟೇ ಅಲ್ವಾ?... ಯಾಕೆ ಅಂದ್ರೆ? ಆ ಮುಖ ನೋಡಿದ್ದೀಯಲ್ಲ, ಇಸ್ತ್ರಿ ಕಾಣದ ಬಟ್ಟೆ! ಅದನ್ನ ನೋಡಿ ಹೋಟೆಲಿನೋರು ಕೋಟು ಹೊಲಿಸ್ತಾರಾ?...

ಒಂದೇ ಮಿಷನ್ ಇಟ್ಕೊಂಡು ಅಂಗಡಿ ಶುರು ಮಾಡಿದ್ದು ತಾನು ಅಂತ ಬೇರೆ ಅವಳು ಹೇಳ್ಬಿಟ್ಟಿದ್ದಾಳೆ. ಬೋರ್ಡಲ್ಲಿ ಯಾರ ಹೆಸರಿದೆ?... ಸುಳ್ಳು ಅಂತ ನಾನೆಲ್ಲಿ ಅಂದೆ? ಊರಿಗೆಲ್ಲಾ ಯಾಕೆ ಹೇಳ್ಬೇಕು ಅಂದೆ...

ಅವಳ ಕೈ ಇರ್ಲಿ, ಕೈ ಚೆನ್ನಾಗಿ ಬಂದಿದೆ. ಬಟ್ಟೆ ಮೇಲೆ ಚಾಕ್ ಎಳೆಯೋದು, ಕತ್ತರಿ ಓಡಿಸೋದು, ಎಲ್ಲಾ ಇಟ್ಕೋ. ಅದರ ಮೇಲೆ "ನನ್ನ ಕೈಯಾರೆ ಕಟ್ಟಿದ ಸಂಸ್ಥೆ" ಅಂತ ನನ್ನ ದನಿ ಹಾಕು...

ಏನಂದೆ? ಕೈಗೂ ಸಹಿ ಬೇಕಾ?... ಹಹ್ಹಹ್ಹಾ! ಯಾವ ಕೆಲಸವಿಲ್ಲದೋನು ಬರೆದ ಇದನ್ನ? ಸಿನಿಮಾದಲ್ಲಿ ಕಾಣಿಸ್ಕೊಂಡೋರು ಮೊದಲು ತಾವು ನೋಡ್ಬೇಕು, ಒಪ್ಪಿ ಸಹಿ ಹಾಕ್ಬೇಕು, ಬರೀ ಕೈ ಕಂಡ್ರೂ ಹಾಗೇನಾ? ಹಾಗಾದ್ರೆ ಇಸ್ತ್ರಿ ಪೆಟ್ಟಿಗೆ ಸಹಿನೂ ತಗೋ!...

ಆಯ್ತು, ಅವಳ ಸಹಿ ನಾನೇ ಹಾಕಿಕೊಡ್ತೀನಿ... ಯಾಕಾಗಲ್ಲ? ಬೆರಳಿಟ್ಟು ತೋರಿಸಿದ ಕಡೆ ಸಹಿ ಹಾಕೋಳು ಅವಳು. ಬಾಯಿಲ್ಲ ಅವಳಿಗೆ. ಮೂಲೇಲಿ ಒಂದು ಮೇಜು, ಮೇಲೊಂದು ದೀಪ ಕೊಟ್ರೆ ಸಾಕು, ಸಾಯೋ ತನಕ ಕತ್ತರಿಸ್ತಾ ಇರ್ತಾಳೆ...

ಇವತ್ತು ಅವಳನ್ನ ಕರೆಸಿ ತೋರಿಸೋಕೂ ಆಗಲ್ಲ. ಹಲ್ಲು ನೋವು ಅಂತ ಡಾಕ್ಟರ ಹತ್ರ ಹೋಗಿದ್ದಾಳೆ...

ಏನು?... ಮೇಷ್ಟ್ರು ಅಲ್ವಾ?... ಹಾಗಾದ್ರೆ ಪಕ್ಕದಲ್ಲಿ ಇರೋದು...

ಅಕ್ಕಾ?... ಯಾವಾಗಿಂದ ಕೇಳಿಸ್ಕೊಳ್ತಿದ್ದೀಯಾ?... ಮೊದಲಿಂದಾನಾ?...

ಮುಖದ ಮಾತು ತಮಾಷೆಗೆ ಅಂದಿದ್ದು ಅಕ್ಕಾ. ಅಳ್ಬೇಡ... ಅಳ್ತಿಲ್ವಾ?...

ಹಾಂ... ಮುಖ ತೆಗೀಬಹುದಾ? ನೀನೇ ಒಪ್ಕೊಂಡ್ಯಾ? ಅಕ್ಕ ಅಂದ್ರೆ ಅಕ್ಕ! ಕೊಡು, ಫೋನು ಆ ಹುಡುಗಿಗೆ ಕೊಡು... ಏನು? ಕೈನೂನಾ?... ಕೈನೂ ತೆಗೀಬೇಕಾ? ಆಮೇಲೆ ಅದರಲ್ಲಿ ಉಳಿಯೋದೇನಕ್ಕಾ, ನಾನು ಕುರ್ಚಿ ಮೇಲೆ ಕೂತಿರೋದೊಂದೇ!...

ಸರಿ, ಸಿನಿಮಾ ಹಾಳಾಗಿ ಹೋಗ್ಲಿ. ನೀನು ಬಾ. ನಾಳೆ ಬೆಳಿಗ್ಗೆ ಹೋಟೆಲಿನೋರ ಕಣ್ಣೆದುರಿಗೇ ಒಂದು ಕೋಟು ಕತ್ತರಿಸಿ ತೋರಿಸ್ತೀನಿ ಅಂದಿದ್ದೀನಿ... ಹೌದು, ನಾನೇ ಕತ್ತರಿಸ್ತೀನಿ ಅಂತಾನೇ ಅಂದಿದ್ದು...

ಬರಲ್ವಾ?... ಅಂದ್ರೆ, ನಾಳೆನೂ ಬರಲ್ವಾ?... ಅಕ್ಕಾ, ನನಗೆ ಭಯ ಆಗ್ತಿದೆ. ಕತ್ತರಿ ಎಲ್ಲಿಂದ ಹಾಕೋಕೆ ಶುರು ಮಾಡ್ಬೇಕು ಅಂತಾನೂ ನನಗೆ ಗೊತ್ತಿಲ್ಲ... ಅದನ್ನಾದ್ರೂ ಹೇಳಿ ಫೋನು ಇಡು... ಅಕ್ಕಾ?... ಹಲೋ?... ಹಲೋ...