ಅರ್ಧ ಕ್ಯಾಮರಾದ ಬೆಲೆ

ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲಿರುವ ಅತಿಥಿಗಳೇ, ಫೋಟೋಗ್ರಾಫರುಗಳ ಸಂಘದ ಸದಸ್ಯರೇ, ನನ್ನ ಮಾತು ಯಾವಾಗ ಮುಗಿಯುತ್ತದೋ ಎಂದು ಚಹಾದ ಡ್ರಮ್ಮಿನ ಕಡೆ ನೋಡುತ್ತಿರುವ ಸಭಿಕರೇ,

ಕಾರ್ಯದರ್ಶಿಗಳು ನನಗೆ ನಾಲ್ಕು ಪುಟದ ಭಾಷಣ ಬರೆದುಕೊಟ್ಟಿದ್ದರು. ಈ ಮೇಜು ಅಲ್ಲಾಡುತ್ತಿತ್ತು. ಆ ಪುಟಗಳನ್ನು ಮಡಚಿ ಅದರ ಕಾಲಿನ ಕೆಳಗೆ ಇಟ್ಟಿದ್ದೇನೆ. ಈಗ ಮೇಜು ಗಟ್ಟಿಯಾಗಿದೆ, ಭಾಷಣವೂ ಉಪಯೋಗಕ್ಕೆ ಬಂದಿದೆ. ನಾನು ಶಾಲೆಯನ್ನು ಅರ್ಧಕ್ಕೇ ಬಿಟ್ಟವನು. ಕ್ಯಾಮರಾ ರಿಪೇರಿ ಮಾಡುತ್ತಾ ತಲೆ ನೆರೆಯಿತು. ನನಗೆ ನನ್ನ ಮಾತು ಸಾಕು.

ಹಳೆಯ ಫಿಲ್ಮ್ ಕ್ಯಾಮರಾಗಳ ಬೆಲೆ ಕಾಲಕಾಲಕ್ಕೆ ಹೇಗೆ ಬದಲಾಯಿತು ಎಂದು ಮಾತಾಡಿ ಎಂದಿದ್ದೀರಿ. ಮೇಜಿನ ಮೇಲೆ ಒಂದಿದೆ, ನೋಡಿ. ಮುಂದಿನ ಸಾಲಿನವರು ಹುಬ್ಬು ಗಂಟಿಕ್ಕಬೇಡಿ. ಹೌದು, ಇದಕ್ಕೆ ಲೆನ್ಸ್ ಇಲ್ಲ. ಮೂತಿಗೆ ಮುಚ್ಚಿರುವುದು ಪೌಡರ್ ಡಬ್ಬದ ಮುಚ್ಚಳ. ಆ ಕಥೆಗೆ ಬರುತ್ತೇನೆ.

ನಮ್ಮ ಅಪ್ಪ ಸ್ಟುಡಿಯೋ ಇಟ್ಟಾಗ ಇದನ್ನು ಕೊಂಡಿದ್ದು ಅಮ್ಮನ ಬಳೆ ಮಾರಿ. ಎರಡು ಕೈಯ ಬಳೆಗಳನ್ನೂ! ಆಗ ಕ್ಯಾಮರಾ ಇದ್ದವನೆಂದರೆ ಏನು ಗತ್ತು, ಏನು ಗೌರವ! ಇದನ್ನು ಕುತ್ತಿಗೆಗೆ ಹಾಕಿಕೊಂಡು ಹೊರಟರೆ ಪೋಲೀಸಿನವರೂ ದಾರಿ ಬಿಡುತ್ತಿದ್ದರು, ಅದಕ್ಕೂ ಮೊದಲು ಕೂದಲು ಬಾಚಿಕೊಳ್ಳುತ್ತಿದ್ದರು. ಆಮೇಲೆ ಬ್ಯಾಟರಿ ಹಾಕುವ ಕ್ಯಾಮರಾಗಳು ಬಂದವು, ಬೆಲೆ ಅರ್ಧಕ್ಕೆ ಬಿತ್ತು. ಆಮೇಲೆ ಡಿಜಿಟಲ್ ಬಂತು. ಆಗ ನೋಡಬೇಕಿತ್ತು ನೀವು! ಜನ ಚೀಲಗಳಲ್ಲಿ ಕ್ಯಾಮರಾ ತುಂಬಿಕೊಂಡು ಗುಜರಿಗೆ ಹೋದರು. ಗುಜರಿಯವನು ತಕ್ಕಡಿಗೆ ಹಾಕುವ ಮೊದಲು ಚರ್ಮದ ಕವರ್ ಕಿತ್ತು ಬಿಸಾಡುತ್ತಿದ್ದ, "ಚರ್ಮಕ್ಕೆಲ್ಲ ದುಡ್ಡು ಕೊಡೋಕಾಗಲ್ಲ" ಎಂದು. ನನ್ನ ಅಂಗಡಿಯ ಬಾಗಿಲು ಗಾಳಿಗೆ ಬಡಿದುಕೊಳ್ಳದಂತೆ ಒಂದು ಒಳ್ಳೆಯ ಕ್ಯಾಮರಾವನ್ನೇ ಅಡ್ಡ ಇಟ್ಟಿದ್ದೆ. ಯಾರೂ ಕದಿಯಲಿಲ್ಲ. ಅದು ಅದಕ್ಕಾದ ಅವಮಾನ.

ಈಗ? ಈಗ ಮತ್ತೆ ಹುಡುಗ ಹುಡುಗಿಯರು ಸಾಲುಗಟ್ಟಿ ಬರುತ್ತಾರೆ. ಅಂದು ಕ್ಯಾಮರಾ ಕೊಂಡ ದುಡ್ಡಿಗೆ ಇಂದು ಒಂದು ಫಿಲ್ಮ್ ರೋಲೂ ಬರುವುದಿಲ್ಲ. ಮೊನ್ನೆ ಒಬ್ಬಳು ಬಾಗಿಲಿಗೆ ಅಡ್ಡ ಇದ್ದ ಆ ಕ್ಯಾಮರಾಕ್ಕೆ ಸ್ಕೂಟರಿನ ಬೆಲೆ ಕೊಟ್ಟಳು. ಒಂದು ಫೋಟೋ ಹೊಡೆದು, ತಿರುಗಿಸಿ ಹಿಂಭಾಗ ನೋಡಿ, "ತಾತ, ಫೋಟೋ ಎಲ್ಲಿ ಕಾಣತ್ತೆ?" ಎಂದಳು. "ಇನ್ನೊಂದು ವಾರ ಬಿಟ್ಟು ಕಾಣತ್ತಮ್ಮ, ನಿನಗೆ ಅದೃಷ್ಟ ಇದ್ರೆ" ಎಂದೆ. ಎಷ್ಟು ಖುಷಿಪಟ್ಟಳು ಗೊತ್ತೇ! ಕಾಯುವುದಕ್ಕೂ ಈಗ ದುಡ್ಡು ಕೊಡುತ್ತಾರೆ. ನಾವು ಬಿಟ್ಟಿ ಕಾದೆವು.

ಇನ್ನು ಈ ಪೌಡರ್ ಡಬ್ಬದ ಮುಚ್ಚಳಕ್ಕೆ ಬರೋಣ. ಅಪ್ಪ ತೀರಿಕೊಂಡ ಮೇಲೆ ನನಗೂ ನನ್ನ ತಮ್ಮನಿಗೂ ಜಗಳವಾಯಿತು. ಅವನು ಕಲರ್ ಫೋಟೋ ಶುರು ಮಾಡೋಣ ಎಂದ. ಕಲರ್ ಬಾಳಿಕೆ ಬರುವುದಿಲ್ಲ ಎಂದೆ. ಇವತ್ತಿಗೂ ನನ್ನ ಮಾತೇ ಸರಿ. ನಿಮ್ಮ ಮನೆಯ ಹಳೆಯ ಕಲರ್ ಫೋಟೋ ತೆಗೆದು ನೋಡಿ, ಎಲ್ಲರೂ ಜ್ವರ ಬಂದವರ ಹಾಗೆ ಕೆಂಪಗಿದ್ದಾರೆ! ಇರಲಿ. ಸ್ಟುಡಿಯೋ ಪಾಲಾಯಿತು. ಚಿಕ್ಕಪ್ಪ ಪಂಚಾಯಿತಿಗೆ ಕೂತರು. ಎರಡು ದೀಪ, ಆಳಿಗೊಂದು. ಎರಡು ಸ್ಟೂಲು, ಆಳಿಗೊಂದು. ಹಿಂದೆ ಕಟ್ಟುವ ಬಣ್ಣದ ಚಿತ್ರದ ಪರದೆ ಒಂದೇ ಇತ್ತು. ಅದನ್ನು ನಡುವೆ ಕತ್ತರಿಸಿದರು. ಕೊಳ ನನಗೆ ಬಂತು, ದೋಣಿ ಅವನಿಗೆ ಹೋಯಿತು. ನಗಬೇಡಿ! ಎಷ್ಟೋ ವರ್ಷ ನನ್ನ ಗಿರಾಕಿಗಳು ಬರೀ ನೀರಿನ ಮುಂದೆ ನಿಂತರು. ಅವನ ಗಿರಾಕಿಗಳು ನೀರಿಲ್ಲದ ದೋಣಿಯ ಮುಂದೆ.

ಕೊನೆಗೆ ಈ ಕ್ಯಾಮರಾ ಉಳಿಯಿತು. ಅದು ನನಗೆ ಬೇಕು ಎಂದೆ, ಅವನೂ ಎಂದ. ಚಿಕ್ಕಪ್ಪನಿಗೆ ರೇಗಿ ಹೋಯಿತು. ಲೆನ್ಸನ್ನು ತಿರುಗಿಸಿ ಕಿತ್ತರು. "ತಗೋ, ಡಬ್ಬ ನಿನಗೆ. ತಗೋ, ಗಾಜು ನಿನಗೆ. ಇಬ್ಬರೂ ಹಾಳಾಗಿ ಹೋಗಿ" ಎಂದು ಚಪ್ಪಲಿ ಮೆಟ್ಟಿಕೊಂಡು ಹೊರಟೇಬಿಟ್ಟರು.

ಅಂದಿನಿಂದ ನಾವಿಬ್ಬರೂ ಮಾತಾಡಿಲ್ಲ. ಆದರೆ ಪ್ರತಿ ವರ್ಷ ನಮ್ಮ ಅಕ್ಕ ಅವನ ಮನೆಯಿಂದ ನನ್ನ ಮನೆಗೆ ಬಂದು ಕೇಳುತ್ತಾಳೆ, "ನಿನ್ನ ಡಬ್ಬಕ್ಕೆ ಎಷ್ಟು ಅಂತೆ?" ನಾನು, "ಅವನ ಗಾಜಿಗೆ ಎಷ್ಟು ಅಂತ ಮೊದ್ಲು ಹೇಳು ಅನ್ನು" ಎನ್ನುತ್ತೇನೆ. ಅವನೊಂದು ರೇಟು ಹೇಳಿ ಕಳಿಸುತ್ತಾನೆ, ನಾನು ಅದರ ದುಪ್ಪಟ್ಟು ಹೇಳುತ್ತೇನೆ. ಮಾರುಕಟ್ಟೆ ಏರಿದಾಗಲೂ ಹೀಗೇ, ಇಳಿದಾಗಲೂ ಹೀಗೇ. ಎಲ್ಲರೂ ಗುಜರಿಗೆ ಹಾಕುತ್ತಿದ್ದ ಆ ವರ್ಷವೂ ಅಕ್ಕ ಬಂದಳು. ನಾನು ಅರ್ಧ ಮನೆಯ ಬೆಲೆ ಹೇಳಿದೆ. "ತಲೆ ಕೆಟ್ಟಿದ್ಯೇನೋ ನಿಮಗೆ? ತಕ್ಕಡೀಲಿ ತೂಗ್ತಿರೋ ವಸ್ತುಗೆ ಅವನು ನೋಡಿದ್ರೆ ಕಾರಿನ ರೇಟು, ನೀನು ನೋಡಿದ್ರೆ ಮನೆ ರೇಟು!" ಎಂದು ತಲೆ ಚಚ್ಚಿಕೊಂಡಳು. ಅಕ್ಕನಿಗೆ ವ್ಯಾಪಾರ ತಿಳಿಯುವುದಿಲ್ಲ.

ಈಗ ನಮ್ಮ ಅಧ್ಯಕ್ಷರ ವಿಷಯ. ಅವರ ಮನೆಯಲ್ಲಿ ಗಾಜಿನ ಬೀರುವಿನ ತುಂಬ ಹಳೆಯ ಕ್ಯಾಮರಾಗಳಿವೆ. ಈ ಕ್ಯಾಮರಾದ ಎರಡೂ ಅರ್ಧಗಳನ್ನು ಸೇರಿಸಿ ಒಂದು ಬೆಲೆ ಹೇಳಿದ್ದಾರೆ. ಒಳ್ಳೆಯ ಬೆಲೆ, ಸುಳ್ಳೇಕೆ ಹೇಳಲಿ? ಅಮ್ಮನ ಬಳೆಗಳು ಎಷ್ಟೋ ಜೊತೆ ಬರುತ್ತವೆ. ತಮ್ಮ ಒಪ್ಪಿದ್ದಾನೆಂದು ಅಕ್ಕ ಹೇಳಿದಳು. ನನಗೂ ರೋಷ ಬಂತು, ಒಪ್ಪಿದೆ. ಭಾಷಣ ಮುಗಿದ ಮೇಲೆ ಇಲ್ಲೇ ಡಬ್ಬ ನಾನು ಕೊಡಬೇಕು, ಗಾಜು ಅವನು ಕೊಡಬೇಕು. ಅಧ್ಯಕ್ಷರ ಜೇಬಿನಲ್ಲಿ ಚೆಕ್ಕೂ ಇದೆ.

ಆದರೆ ಕಳೆದ ವಾರ ಅಕ್ಕ ಆ ಲೆನ್ಸ್ ತಂದು, "ನೀನೇ ರಿಪೇರಿಯವನು, ಸರಿಯಾಗಿದ್ಯಾ ನೋಡಿಬಿಡು" ಎಂದಳು. ಕಿಟಕಿಯ ಬೆಳಕಿಗೆ ಹಿಡಿದೆ. ಇಲ್ಲಿರುವವರಿಗೆಲ್ಲ ಗೊತ್ತು, ಬೀರುವಿನಲ್ಲಿಟ್ಟು ಮರೆತ ಲೆನ್ಸಿಗೆ ಬೂಷ್ಟು ಹಿಡಿಯುತ್ತದೆ. ಒಳಗೆ ಜೇಡರ ಬಲೆಯ ಹಾಗೆ ಬಿಳಿ ಎಳೆಗಳು ಹಬ್ಬುತ್ತವೆ. ಇದರಲ್ಲಿ ಒಂದು ಚುಕ್ಕೆಯೂ ಇಲ್ಲ! ಹೇಗೆ ಎಂದು ಕೇಳಿದೆ. ಅಕ್ಕ, "ದಿನಾ ಬೆಳಿಗ್ಗೆ ಮಹಡಿ ಮೇಲೆ ಎಳೆಬಿಸಿಲಿಗೆ ಇಡ್ತಾನಪ್ಪ. ಕಾಗೆ ಕಚ್ಚಿಕೊಂಡು ಹೋಗತ್ತೆ ಅಂತ ಪಕ್ಕದಲ್ಲೇ ಸ್ಟೂಲ್ ಹಾಕ್ಕೊಂಡು ಕೂತಿರ್ತಾನೆ" ಎಂದಳು.

ಸಭಿಕರೇ, ಮಾರುವ ವಸ್ತುವಿಗೆ ಯಾರಾದರೂ ಕಾಗೆ ಕಾಯುತ್ತಾರೆಯೇ?

ಇತ್ತ ನಾನು ಭಾನುವಾರ ಬಂತೆಂದರೆ ಈ ಡಬ್ಬಕ್ಕೆ ಎಣ್ಣೆ ಮುಟ್ಟಿಸಿ, ಕೀಲಿ ಕೊಟ್ಟು, ಶಟರ್ ಹೊಡೆಯುತ್ತೇನೆ. ಸುಮ್ಮನೆ ಬಿಟ್ಟರೆ ಜಡ್ಡು ಹಿಡಿಯುತ್ತದೆ. ಸೊಸೆ ಕೇಳುತ್ತಾಳೆ, "ಮಾವ, ಗಾಜೇ ಇಲ್ದಿರೋ ಕ್ಯಾಮರಾದಲ್ಲಿ ಯಾರ ಫೋಟೋ ತೆಗೀತೀರಿ?" ನಿನಗೇಕೆ ಅಧಿಕಪ್ರಸಂಗ ಎಂದು ಗದರುತ್ತೇನೆ. ಇದು ಮಾರಾಟವಾದರೆ ಮುಂದಿನ ವರ್ಷ ಅಕ್ಕ ಬಂದು ಏನು ಕೇಳಬೇಕು, ಹೇಳಿ?

ಲೇ ತಮ್ಮಾ! ಕಂಬದ ಹಿಂದೆ ಕೂತರೆ ಕಾಣಲ್ಲ ಅಂದ್ಕೊಂಡ್ಯಾ? ಎದ್ದು ನಿಲ್ಲು. ಕೋಟಿನ ಜೇಬು ಉಬ್ಬಿದೆ. ಅದರ ಮೇಲ್ಯಾಕೆ ಕೈ ಇಟ್ಕೊಂಡಿದ್ದೀಯ? ಈ ಸಲ ಅಕ್ಕ ಬೇಡ, ನಾನೇ ಕೇಳ್ತೀನಿ. ನಿನ್ನ ಗಾಜಿಗೆ ಎಷ್ಟು?

ಏನು? ಜೋರಾಗಿ ಹೇಳೋ. ಇಲ್ಲ ಅಂತ ತಲೆ ಅಲ್ಲಾಡಿಸಿದ್ರೆ ಅದೆಂಥಾ ರೇಟು?

ಸರಿ. ನನ್ನ ಡಬ್ಬಕ್ಕೂ ಅಷ್ಟೇ.

ಅಧ್ಯಕ್ಷರೇ, ಕ್ಷಮಿಸಿ, ಚೆಕ್ಕು ಜೇಬಿನಲ್ಲೇ ಇರಲಿ. ಮುಖ ಹಾಗೆ ಮಾಡಬೇಡಿ, ಒಳಗೆ ರೋಲ್ ಹಾಕಿದ್ದೇನೆ, ಆ ಮುಖವೇ ಫೋಟೋದಲ್ಲಿ ಬಂದೀತು. ಕಪ್ಪು ಬಿಳುಪಿನ ರೋಲು, ತಮ್ಮಾ, ಬಾಯಿ ತೆಗೀಬೇಡ. ಮೇಲೆ ಬಾ. ಮೆಟ್ಟಿಲು ನೋಡ್ಕೊಂಡು ಹತ್ತು, ಗಾಜು ಜೋಪಾನ.

ಇಷ್ಟು ಹೊತ್ತು ನನ್ನನ್ನು ಸಹಿಸಿದ ನಿಮಗೆಲ್ಲ ಉಪಕಾರವಾಯಿತು. ಚಹಾ ಆರುತ್ತಿದೆ ಎಂದು ಗೊತ್ತು. ಆದರೂ ಒಂದು ನಿಮಿಷ ಯಾರೂ ಅಲ್ಲಾಡಬೇಡಿ. ನಮಸ್ಕಾರ.